ದೋಣಿ ಸಂಚಾರ ನಿಲ್ಲಿಸಲಾಗಿದೆ

ಬೆಳಿಗ್ಗೆ ಆರೂವರೆಗೆ ಬೀದಿಯ ಇಪ್ಪತ್ತೆರಡು ಮನೆಗಳ ಮೊಬೈಲುಗಳು ಒಟ್ಟಿಗೇ ಕೂಗಿಕೊಂಡವು. ಒಲೆಯ ಮೇಲೆ ಹಾಲಿಟ್ಟವರು ಹಾಲನ್ನು ಅದರ ಪಾಡಿಗೆ ಬಿಟ್ಟು ಓಡಿದರು. ಹಲ್ಲುಜ್ಜುತ್ತಿದ್ದವರು ಬಾಯಿ ತುಂಬ ನೊರೆ ಇಟ್ಟುಕೊಂಡೇ ಓದಿದರು. ಎಲ್ಲರಿಗೂ ಬಂದದ್ದು ಒಂದೇ ಸಂದೇಶ: 'ನೀವು ಹೊಸ ಜ್ವರದ ರೋಗಿಯ ಸಂಪರ್ಕಕ್ಕೆ ಬಂದಿದ್ದೀರಿ. ಹದಿನಾಲ್ಕು ದಿನ ನಿಮ್ಮ ದ್ವೀಪ ಬಿಟ್ಟು ಹೊರಡಬೇಡಿ. ದೋಣಿ ಸಂಚಾರ ನಿಲ್ಲಿಸಲಾಗಿದೆ.' ಅದರ ಕೆಳಗೆ ರೋಗಿಯ ಹೆಸರು, ಭೇಟಿಯಾದ ಜಾಗ, ಸಹಾಯಕ್ಕೆ ಕರೆಯಬೇಕಾದ ಫೋನ್ ನಂಬರು.

ಆ ಬೀದಿಯವರು ಸಮುದ್ರ ನೋಡಬೇಕೆಂದರೆ ಒಂದು ಹಗಲು, ಒಂದು ರಾತ್ರಿ ರೈಲಿನಲ್ಲಿ ಕೂರಬೇಕು.

ರೋಗಿಯ ಹೆಸರಿನ ಜಾಗದಲ್ಲಿ ಇದ್ದದ್ದು ಅಂಕಿಯಣ್ಣನ ಅತ್ತೆಯ ಹೆಸರು. ಅಂಕಿಯಣ್ಣ ಅಂದರೆ ಆರೋಗ್ಯ ಇಲಾಖೆಯ ಕಚೇರಿಯಲ್ಲಿ ಅಂಕಿ-ಅಂಶ ಬರೆಯುವ ಗುಮಾಸ್ತ. ಒಂಬತ್ತು ವರ್ಷದಿಂದ ಹಂಗಾಮಿ. ಆ ಕಚೇರಿಯಲ್ಲಿ ಕುರ್ಚಿ ಕಾಯಂ, ಫ್ಯಾನು ಕಾಯಂ, ಗೋಡೆಯ ಮೇಲಿನ ಹಲ್ಲಿಯೂ ಕಾಯಂ. ಹಂಗಾಮಿ ಅಂತ ಇದ್ದವನು ಇವನೊಬ್ಬನೇ.

ತಿಂಗಳ ಹಿಂದೆ ದೊಡ್ಡ ಸಾಹೇಬರು ಅವನನ್ನು ಕರೆದಿದ್ದರು. "ನೋಡಯ್ಯ, ದೂರದ ಯಾವುದೋ ದ್ವೀಪದವರು ಈ ಜ್ವರ ಯಾರಿಂದ ಯಾರಿಗೆ ಹೋಯ್ತು ಅಂತ ಹುಡುಕೋಕೆ ಒಂದು ತಂತ್ರಾಂಶ ಮಾಡಿದ್ದಾರಂತೆ. ಯಾರು ಬೇಕಾದ್ರೂ ತಗೊಳ್ಳಿ, ನಿಮಗೆ ಬೇಕಾದ ಹಾಗೆ ತಿದ್ಕೊಳ್ಳಿ ಅಂತ ಲೋಕಕ್ಕೇ ಬಿಟ್ಟಿ ಕೊಟ್ಟಿದ್ದಾರೆ. ಪುಣ್ಯಾತ್ಮರು! ನೀನು ಅದನ್ನ ನಮ್ಮೂರಿಗೆ ಹೊಂದಿಸು. ನೋಡೋಕೆ ರಾಜಧಾನಿಯಿಂದ ತಂಡ ಬರುತ್ತೆ. ಎಲ್ಲ ಸರಿಹೋದ್ರೆ ನಿನ್ನ ಕಾಯಂ ಆದೇಶಕ್ಕೆ ಸಹಿ ಹಾಕೇ ನಾನು ನಿವೃತ್ತಿ ಆಗೋದು. ಆದರೆ ಒಂದು ದೂರು ಬಂತೋ, ನನ್ನ ಕೇಳಬೇಡ."

ಅಂಕಿಯಣ್ಣ ಊಟ ನಿದ್ದೆ ಬಿಟ್ಟು ತಿದ್ದಿದ. 'ನಿಮ್ಮ ಹತ್ತಿರದ ಬಂದರು ಯಾವುದು?' ಎಂದಿದ್ದ ಕಡೆ ಬಸ್ ನಿಲ್ದಾಣ ಮಾಡಿದ. 'ಕಳೆದ ವಾರ ಯಾರ ಜೊತೆ ಮೀನು ಹಿಡಿಯಲು ಹೋಗಿದ್ದಿರಿ?' ಎಂದಿದ್ದ ಕಡೆ ತರಕಾರಿ ತರಲು ಎಂದು ಹಾಕಿದ. ನೂರಾ ಎಂಬತ್ತು ಕಡೆ ದ್ವೀಪ ಇತ್ತು. ನೂರಾ ಎಪ್ಪತ್ತೊಂಬತ್ತು ಕಡೆ ತೆಗೆದ. ಸಹಾಯದ ನಂಬರು ಇನ್ನೂ ಬಂದಿರಲಿಲ್ಲವಾದ್ದರಿಂದ, ಸದ್ಯಕ್ಕೆ ಇರಲಿ ಅಂತ ಸಾಹೇಬರ ಮೇಜಿನ ಫೋನ್ ನಂಬರು ಕೊಟ್ಟ.

ಇಷ್ಟಾದ ಮೇಲೆ ಪರೀಕ್ಷೆ ಮಾಡಿ ನೋಡಲು ಸುಳ್ಳು ರೋಗಿಗಳು ಬೇಕಾದರು. ಅಂಕಿಯಣ್ಣ ಹೆಸರು ಕಟ್ಟಲು ಕೂತ. ಎಂಟು ಹೆಸರಿಗೆ ಅವನ ಕಲ್ಪನೆ ಬತ್ತಿಹೋಯಿತು. ಆಗ ನೆನಪಾದದ್ದು ಬೀದಿಯ ಸಂಘದ ಪಟ್ಟಿ. ಹೆಸರುಂಟು, ನಂಬರುಂಟು, ಇನ್ನೇನು ಬೇಕು? ಯಾರು ಯಾರ ಮನೆಗೆ ಹೋಗುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಎಂಬುದಂತೂ ಅವನಿಗೆ ಬಾಯಿಪಾಠ. ಹುಟ್ಟುಗುಣ, ಅಂಕಿ-ಅಂಶ ಅಂದಮೇಲೆ ಸುಳ್ಳು ಬರೆಯಲು ಕೈ ಬರಲಿಲ್ಲ. ಎಲ್ಲ ನಿಜವನ್ನೇ ತುಂಬಿದ. ತುಂಬಿ, 'ಪರೀಕ್ಷೆ' ಎಂಬ ಗುಂಡಿ ಒತ್ತುವ ಬದಲು ಪಕ್ಕದ 'ಪ್ರಸಾರ' ಒತ್ತಿ, ನೆಮ್ಮದಿಯಾಗಿ ಮನೆಗೆ ಬಂದು ಮಲಗಿದ್ದ.

"ರೀ, ಏಳ್ರೀ! ನಮ್ಮಮ್ಮನಿಗೆ ಹೊಸ ಜ್ವರ ಅಂತೆ!" ಹೆಂಡತಿ ಹೊದಿಕೆ ಕಿತ್ತೆಸೆದಳು.

"ಅಯ್ಯೋ! ಯಾರು ಹೇಳಿದ್ದು?"

"ನೀವೇ ಹೇಳಿರೋದು! ನೋಡಿ, ಪಕ್ಕದ ಮನೆಯವರು ಕಳಿಸಿದ್ದಾರೆ, ನಿಮ್ಮ ಇಲಾಖೆ ಹೆಸರೇ ಇದೆ!"

ಅಂಕಿಯಣ್ಣ ಓದಿದ. ಹಾಸಿಗೆಯಿಂದ ನೆಗೆದು ಎದ್ದ.

ನಡುಮನೆಯಲ್ಲಿ ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. "ಅಲ್ಲ ಅಳಿಯಂದ್ರೆ, ಎಪ್ಪತ್ತೆರಡು ವರ್ಷದಲ್ಲಿ ಒಂದು ಸೀನು ಗಟ್ಟಿಯಾಗಿ ಸೀನಿದೋಳಲ್ಲ ನಾನು. ಬೀದಿಗೆಲ್ಲ ಜ್ವರ ಹಂಚಿದೋಳು ನಾನೇ ಅಂತ ಡಂಗುರ ಹೊಡೆಸಿಬಿಟ್ರಲ್ಲ!"

"ಇಲ್ಲ ಅತ್ತೆ, ಅದು ಸುಮ್ನೆ ಪರೀಕ್ಷೆಗೆ... ವಯಸ್ಸಾದವರೊಬ್ಬರು ಬೇಕಾಗಿತ್ತು, ತಕ್ಷಣ ನಿಮ್ಮ ಹೆಸರೇ ನೆನಪಾಯ್ತು."

"ಒಳ್ಳೇದಕ್ಕೆ ಯಾವತ್ತಾದ್ರೂ ನೆನಪಾಗಿತ್ತಾ?"

ಅಂಕಿಯಣ್ಣ ಆಗಲೇ ಅಂಗಿ ಹುಡುಕುತ್ತಿದ್ದ. ಸಾಹೇಬರು ಹತ್ತು ಗಂಟೆ ಹೊಡೆಯುವಾಗ ಕುರ್ಚಿಯಲ್ಲಿರುತ್ತಾರೆ. ಅಷ್ಟರೊಳಗೆ ಬೀದಿಯ ಬಾಯಿ ಮುಚ್ಚಿಸದಿದ್ದರೆ ಇಪ್ಪತ್ತೆರಡು ಮನೆಯವರೂ ನೇರವಾಗಿ ಸಾಹೇಬರ ಮೇಜಿಗೇ ಫೋನು ಮಾಡುತ್ತಾರೆ. ಮಾಡಿದರೆ ಒಂಬತ್ತು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಂಕಿಯಣ್ಣ ಅಂಗಿಯ ಒಂದು ಗುಂಡಿಯ ಕಾಜಿಗೆ ಇನ್ನೊಂದು ಗುಂಡಿ ಹಾಕಿಕೊಂಡು ಬೀದಿಗಿಳಿದ.

ಮೊದಲ ಮನೆ ನಿವೃತ್ತ ಮೇಷ್ಟ್ರದು. ಅವರು ಗೇಟಿನಲ್ಲೇ ಹಿಡಿದರು.

"ಬಾಪ್ಪ ಅಂಕಿ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದೀನಿ. ನಾಲ್ಕೂ ಕಡೆ ನೀರಿರೋದಕ್ಕೆ ದ್ವೀಪ ಅಂತಾರೆ. ಇಲ್ಲಿ ಮೂರು ದಿನದಿಂದ ನಲ್ಲೀಲೇ ನೀರಿಲ್ಲ!"

"ತಪ್ಪಾಯ್ತು ಮೇಷ್ಟ್ರೆ, ಎಲ್ಲ ಸುಳ್ಳು. ದಯವಿಟ್ಟು ಆ ನಂಬರಿಗೆ ಫೋನ್ ಮಾಡಬೇಡಿ."

ಒಳಗಿಂದ ಮೇಷ್ಟ್ರ ಹೆಂಡತಿ ಬಂದರು. ಕೈಯಲ್ಲಿ ಮೊಬೈಲು. "ಸುಳ್ಳಾ? ಇಲ್ಲಿ ನೋಡಪ್ಪ, ಭೇಟಿಯಾದ ಜಾಗ ಬೇಕರಿ, ದಿನಾ ಸಂಜೆ ಇಪ್ಪತ್ತು ನಿಮಿಷ ಅಂತಿದೆ. ಸಕ್ಕರೆ ಕಾಯಿಲೆ, ವಾಕಿಂಗ್ ಹೋಗ್ತೀನಿ ಅಂತ ಹೋಗೋರು ನಿಮ್ಮತ್ತೆ ಜೊತೆ ಕೂತು ಕೇಕ್ ತಿಂತಿದ್ರಾ?"

ಮೇಷ್ಟ್ರು ಹೆಂಡತಿಯ ಬೆನ್ನ ಹಿಂದಿನಿಂದ ಅಂಕಿಯಣ್ಣನಿಗೆ ಕೈಮುಗಿದರು.

"ಸುಳ್ಳು, ಶುದ್ಧ ಸುಳ್ಳು ಅಮ್ಮ. ನಾನೇ ಕಟ್ಟಿದ್ದು."

"ಹಂಗಾದ್ರೆ ಇವರ ಜುಬ್ಬದ ಜೇಬಲ್ಲಿ ದಿನಾ ಕೇಕಿನ ಪುಡಿ ಯಾರು ಕಟ್ಟಿದ್ದು?"

ಅಲ್ಲಿ ಕೂತು, ಆಣೆ ಹಾಕಿ, ಕಾಫಿ ಕುಡಿದು ಎದ್ದಾಗ ಇಪ್ಪತ್ತು ನಿಮಿಷ ಹೋಗಿತ್ತು. ಬಾಗಿಲವರೆಗೂ ಬಂದ ಮೇಷ್ಟ್ರು ಅವನನ್ನು ಬಾಚಿ ತಬ್ಬಿಕೊಂಡು, ಕಿವಿಯಲ್ಲಿ "ಮರ್ಯಾದೆ ಉಳಿಸಿದೆಯಪ್ಪ" ಎಂದರು.

ಎರಡನೆಯ ಮನೆಯಲ್ಲಿ ಸಮಸ್ಯೆ ತಲೆಕೆಳಗಾಗಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಯಜಮಾನರು ಆಗಲೇ ಹದಿನಾಲ್ಕು ದಿನ ರಜೆ ಹಾಕಿ, ಲುಂಗಿ ಉಟ್ಟು, ಕಾಲು ಚಾಚಿ ಕೂತಿದ್ದರು. "ಸುಳ್ಳು ಅಂತ ಇನ್ನೊಂದು ಸಲ ಅಂದ್ರೆ ನೋಡಿ ಅಂಕಿಯಣ್ಣ. ಹನ್ನೊಂದು ವರ್ಷ ಆಯ್ತು ನಾನು ರಜ ತಗೊಂಡು. ಯಾವ ದ್ವೀಪ ಆದ್ರೂ ಪರವಾಗಿಲ್ಲ, ನಾನು ಇಲ್ಲೇ ಇರ್ತೀನಿ. ಕಾಫಿ ಕುಡೀರಿ."

ಅವರಿಗೆ ಜ್ವರ ಇದೆ ಎಂದು ಒಪ್ಪಿಕೊಂಡು ಅಂಕಿಯಣ್ಣ ಕಾಫಿ ಕುಡಿದ.

ಹೀಗೆ ಮನೆಯಿಂದ ಮನೆಗೆ ಓಡಿದ. ಒಬ್ಬರು ಬೈದು ಕಾಫಿ ಕೊಟ್ಟರು, ಒಬ್ಬರು ಅತ್ತು ಕಾಫಿ ಕೊಟ್ಟರು. ಒಂದು ಮನೆಯ ಅಜ್ಜಿ ಅವನ ಎರಡೂ ಕೆನ್ನೆ ಹಿಡಿದು "ದೋಣಿ ಮತ್ತೆ ಯಾವಾಗ ಬಿಡ್ತಾರೆ ಮಗ?" ಎಂದು ಕೇಳಿತು. ನಾಳೆ ಬಿಡುತ್ತಾರೆ ಅಂದ. ಕುಡಿಯಲ್ಲ ಅಂದರೆ "ನಮ್ಮ ಮೇಲೆ ಕೋಪ ಅಂತಾಯ್ತು" ಅನ್ನುತ್ತಾರಲ್ಲ, ಅದಕ್ಕೇ ಮಾಸ್ಕು ಕೆಳಗಿಳಿಸಿ, ಕುಡಿದು, ಮತ್ತೆ ಏರಿಸುತ್ತಾ ಹೋದ. ಇಪ್ಪತ್ತೆರಡನೆಯ ಮನೆಯಿಂದ ಹೊರಬಿದ್ದಾಗ ಒಂಬತ್ತೂ ಮುಕ್ಕಾಲು. ಅವನ ಹೊಟ್ಟೆಯಲ್ಲಿ ನಡೆದರೆ ಕುಲುಕುವಷ್ಟು ಕಾಫಿ ಇತ್ತು.

ಅಬ್ಬಾ, ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಇಪ್ಪತ್ಮೂರನೆಯ ಮನೆಯ ದರ್ಜಿ ಅಡ್ಡ ನಿಂತ. ಅವನ ಮುಖ ಊದಿಕೊಂಡಿತ್ತು.

"ಇಡೀ ಬೀದಿಗೆ ಬಂತು. ನಮಗೆ ಮಾತ್ರ ಬರಲಿಲ್ಲ. ಯಾಕಣ್ಣ, ನಾವೇನು ಮನುಷ್ಯರಲ್ವಾ?"

"ಅಯ್ಯೋ, ನಿನಗೆ ಜ್ವರ ಇಲ್ಲ ಅಂತ ಖುಷಿಪಡೋ!"

"ಅವರಿಗೂ ಇಲ್ವಲ್ಲ! ಜ್ವರ ಇಲ್ಲದಿದ್ರೂ ಅವರನ್ನ ಸೇರಿಸಿದ್ರಿ. ನಿಮ್ಮ ಮದುವೆ ಕೋಟು ಹೊಲಿದೋನು ನಾನು. ನಿಮ್ಮತ್ತೆ ನಮ್ಮನೆಗೆ ಬರಲ್ವಾ? ನಮ್ಮನೇಲಿ ಕೂರಲ್ವಾ? ನಂಬರು ಕೊಡಿ, ನಾನೇ ಕೇಳ್ತೀನಿ ಸರ್ಕಾರನ, ನನ್ನ ಹೆಸರು ಯಾಕೆ ಬಿಟ್ರಿ ಅಂತ!"

ಅಂಕಿಯಣ್ಣನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ದರ್ಜಿಯ ಎರಡೂ ಕೈ ಹಿಡಿದುಕೊಂಡು, ಮುಂದಿನ ಸಲ ಮೊದಲ ಹೆಸರು ನಿನ್ನದೇ ಎಂದು ಮಾತು ಕೊಟ್ಟ. ಒಳಗೆ ಹೋಗಿ ಇನ್ನೊಂದು ಕಾಫಿ ಕುಡಿದ. ಕಚೇರಿಗೆ ಓಡಿದ.

ಹತ್ತಾಯಿತು, ಹನ್ನೊಂದಾಯಿತು, ಸಾಹೇಬರ ಫೋನು ಕಮಕ್ ಕಿಮಕ್ ಅನ್ನಲಿಲ್ಲ. ಅಂಕಿಯಣ್ಣ ಬಾಗಿಲು ಹಾಕಿಕೊಂಡು ಮೊದಲು ಕಟ್ಟಿದ್ದ ಎಂಟು ಸುಳ್ಳು ಹೆಸರು ಬಿಟ್ಟು ಬೀದಿಯ ಪಟ್ಟಿಯನ್ನೆಲ್ಲ ಅಳಿಸಿದ. ಉಳಿದಿದ್ದ ಒಂದೇ ದ್ವೀಪವನ್ನೂ ಮನೆ ಎಂದು ತಿದ್ದಿದ. ದೋಣಿಯನ್ನು ತೆಗೆದ. ಬೀದಿಗೆಲ್ಲ ದೊಡ್ಡ ಮನಸ್ಸು ಎಂದು ಅವನಿಗೆ ಕಣ್ಣು ತುಂಬಿ ಬಂತು.

ಮೂರು ಗಂಟೆಗೆ ತಂಡ ಬಂತು. ಮುಖ್ಯಸ್ಥೆಯಾಗಿ ಬಂದಾಕೆ ಕನ್ನಡಕದ ಮೇಲಿಂದಲೇ ಜನರನ್ನು ಅಳೆಯುವ ಹೆಂಗಸು. ಸಾಹೇಬರು ಅಂಕಿಯಣ್ಣನ ಭುಜದ ಮೇಲೆ ಕೈಹಾಕಿ ಎಳೆದುಕೊಂಡು ಬಂದು, "ಇವನೇ ಮೇಡಂ ನಮ್ಮ ಹುಡುಗ, ಎಲ್ಲ ಇವನೇ ಮಾಡಿದ್ದು" ಎಂದು ಮೆರೆಸಿದರು. ಅವನಿಗೆ ಒಂಬತ್ತು ವರ್ಷದಲ್ಲಿ ಆ ಕೈಯ ಭಾರ ಗೊತ್ತಾದದ್ದು ಇದೇ ಮೊದಲು. ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆ ಬಂತು, ಗೆರೆಗಳು ಓಡಾಡಿದವು, ತಂಡದವರು ತಲೆದೂಗಿದರು.

"ಚೆನ್ನಾಗಿದೆ," ಎಂದಳು ಆಕೆ. "ಆದರೆ ಇದೆಲ್ಲ ಸುಳ್ಳು ರೋಗಿಗಳು. ಇಲ್ಲೇ ಇರೋ ಒಬ್ಬರನ್ನ ಪರೀಕ್ಷೆ ಮಾಡಿ, ಮೊದಲಿಂದ ಕೊನೇವರೆಗೂ ನಿಜವಾಗಿ ತೋರಿಸಿ ನೋಡೋಣ."

"ನಾನಿದೀನಿ ಮೇಡಂ!" ಎಂದು ಅಂಕಿಯಣ್ಣ ಮುಂದೆ ನುಗ್ಗಿದ.

ತಂಡದ ಜೊತೆ ಬಂದಿದ್ದ ನರ್ಸಮ್ಮ ಅವನ ಮೂಗಿಗೆ ಕಡ್ಡಿ ಹಾಕಿ ತಿರುಗಿಸಿದಳು. ಫಲಿತಾಂಶಕ್ಕೆ ಕಾಲು ಗಂಟೆ. ಅಷ್ಟರಲ್ಲಿ ಇವತ್ತು ಯಾರ್‍ಯಾರನ್ನು ಭೇಟಿ ಮಾಡಿದಿರಿ, ತುಂಬಿ ಎಂದಳು ಮುಖ್ಯಸ್ಥೆ. ಬೇರೆಯವರಾಗಿದ್ದರೆ ನಾಲ್ಕು ಹೆಸರು ಬರೆದು ಸುಮ್ಮನಾಗುತ್ತಿದ್ದರು. ಅಂಕಿಯಣ್ಣ ಒಂದೂ ಬಿಡದೆ ಇಪ್ಪತ್ಮೂರು ಮನೆ ತುಂಬಿದ. ಎಷ್ಟು ನಿಮಿಷ, ಮಾಸ್ಕು ಇತ್ತೋ ಇಲ್ಲವೋ, ಯಾರು ತಬ್ಬಿಕೊಂಡರು, ಯಾರು ಕೆನ್ನೆ ಹಿಡಿದರು, ಎಲ್ಲವನ್ನೂ ತುಂಬಿದ. ಕೊನೆಗೆ ಸಾಹೇಬರನ್ನೂ ಸೇರಿಸಿದ. ಮುಖ್ಯಸ್ಥೆಯ ಹುಬ್ಬು ಮೇಲೇರಿತು. "ಇಷ್ಟು ಅಚ್ಚುಕಟ್ಟಾದ ವಿವರ ನಾನು ಎಲ್ಲೂ ನೋಡಿಲ್ಲ," ಎಂದಳು.

ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. "ಇನ್ನು ತಡ ಯಾಕೆ? ತಗೊಂಡು ಬಾರಯ್ಯ ನಿನ್ನ ಆದೇಶ, ಇವರ ಮುಂದೇನೇ ಸಹಿ ಹಾಕ್ತೀನಿ!"

ಅಂಕಿಯಣ್ಣ ಕಡತ ತಂದ. ಹಾಳೆ ಸುಕ್ಕಾಗಿತ್ತು ಅಂತ ಎರಡೂ ಅಂಗೈಯಿಂದ ತೀಡಿ ತೀಡಿ ನೇರ ಮಾಡಿ ಮೇಜಿನ ಮೇಲಿಟ್ಟ. ಮನೆಗೆ ಹೋಗಿ ಅತ್ತೆಯ ಮುಂದೆ ಇದನ್ನು ಓದಬೇಕು ಎಂದು ಅವನ ಮನಸ್ಸು ಕುಣಿಯಿತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಮೊದಲ ಅಕ್ಷರದ ಸೊಟ್ಟ ಗೆರೆಗೆ ಪೆನ್ನು ಇಳಿಯುತ್ತಿತ್ತು.

ಮೂಲೆಯಲ್ಲಿ ನರ್ಸಮ್ಮ ಏನೋ ನೋಡಿ, ಏನೋ ಒತ್ತಿದಳು.

ಟಿಣ್ ಎಂದಿತು ಸಾಹೇಬರ ಜೇಬು.

ಸಾಹೇಬರು ಮೊಬೈಲು ತೆಗೆದು ಓದಿದರು. "ನೀವು ಹೊಸ ಜ್ವರದ ರೋಗಿಯ ಸಂಪರ್ಕಕ್ಕೆ ಬಂದಿದ್ದೀರಿ. ಈ ಕ್ಷಣದಿಂದ ಹದಿನಾಲ್ಕು ದಿನ ಮನೆ ಬಿಟ್ಟು... ಆಹಾ! ನೋಡಿದ್ರಾ ಮೇಡಂ, ಎಷ್ಟು ಬೇಗ ಬಂತು!"

ತಂಡದವರೆಲ್ಲ ಚಪ್ಪಾಳೆ ತಟ್ಟಿದರು. ಅಂಕಿಯಣ್ಣ ಬಾಗಿ ನಮಸ್ಕರಿಸಿದ.

"ಸರ್," ಎಂದಳು ನರ್ಸಮ್ಮ, ಪರೀಕ್ಷೆಯ ಪಟ್ಟಿ ಎತ್ತಿ ಹಿಡಿದು. ಅದರಲ್ಲಿ ಕೆಂಪಗೆ ಎರಡು ಗೆರೆ ಎದ್ದಿದ್ದವು. "ಇದು ತೋರಿಸೋಕೆ ಮಾಡಿದ್ದಲ್ಲ. ನಿಜವಾಗ್ಲೂ ಇದೆ."

ಚಪ್ಪಾಳೆ ಅರ್ಧಕ್ಕೆ ನಿಂತಿತು. ಕೋಣೆಯಲ್ಲಿದ್ದವರೆಲ್ಲ ಗೋಡೆಗೆ ಅಂಟಿಕೊಂಡರು. ನಡುವೆ ಅಂಕಿಯಣ್ಣ ಒಬ್ಬನೇ ಉಳಿದ.

"ನನಗೇನೂ ಆಗಿಲ್ವಲ್ಲ! ಕೆಮ್ಮಿಲ್ಲ, ನೆಗಡಿಯಿಲ್ಲ!" ಅವನ ದನಿ ಕೀರಲಾಯಿತು. "ಸರ್, ಸಹಿ! ಒಂದೇ ಒಂದು ಸಹಿ, ಪೆನ್ನು ಕೈಯಲ್ಲೇ ಇದೆ!"

ಸಾಹೇಬರು ಪೆನ್ನನ್ನೂ ಕಾಗದವನ್ನೂ ನೋಡಿದರು. ಅವರಿಗೂ ಮನಸ್ಸಿತ್ತು, ಪಾಪ. ಒಂದು ಹೆಜ್ಜೆ ಮುಂದಿಟ್ಟರು.

"ಆ ಕಾಗದ ಯಾರು ತೀಡಿದ್ದು?" ಎಂದು ಕೇಳಿದಳು ಮುಖ್ಯಸ್ಥೆ.

ಇಟ್ಟ ಹೆಜ್ಜೆಯನ್ನು ಸಾಹೇಬರು ಹಿಂದಕ್ಕೆ ತೆಗೆದುಕೊಂಡರು. ನರ್ಸಮ್ಮ ಚಿಮಟದಲ್ಲಿ ಆದೇಶವನ್ನು ಎತ್ತಿ, ಆಸ್ಪತ್ರೆಯ ಕಸ ಸುಡಲು ಕಳಿಸುವ ಹಳದಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು.

"ಬೇರೆ ಟೈಪ್ ಮಾಡಿಸ್ತೀನಿ ಸರ್, ನಾಳೆ..."

"ನಾಳೆ ನಾನು ಮನೇಲಿ ಕಣಯ್ಯ. ಹದಿನಾಲ್ಕು ದಿನ. ಶುಕ್ರವಾರ ನಿವೃತ್ತಿ. ಹೊಸಬರು ಯಾರು ಬರ್ತಾರೋ, ಏನೋ." ಸಾಹೇಬರು ಮೊಣಕೈಯಿಂದ ಬಾಗಿಲು ತಳ್ಳಿ ಹೊರಗೆ ಹೋಗಿ, ಕಿಟಕಿಯ ಬಳಿ ಒಂದು ಗಳಿಗೆ ನಿಂತರು. ಒಳಗೆ ನಿಂತಿದ್ದವನನ್ನು ನೋಡಿ ತಲೆಯಾಡಿಸಿದರು.

"ಆದರೂ ಭೇಷ್ ಕಣಯ್ಯ," ಎಂದರು ಗಾಜಿನ ಆಚೆಯಿಂದ. "ಒಂದೇ ಒಂದು ತಪ್ಪಿಲ್ಲದ ಹಾಗೆ ಮಾಡಿದ್ದೀಯ!"