ಇಷ್ಟ ಮೀನು

ಆ ಭಾನುವಾರ ಬೆಳಿಗ್ಗೆ ಚಿಕ್ಕಮಲ್ಲಪ್ಪ ಪಕ್ಕದ ಮನೆಯಿಂದ ಬಂದ ಸಾರಿನ ಬಟ್ಟಲನ್ನು ಹಿಂದಕ್ಕೆ ಕೊಟ್ಟ. ಅವನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದೂವರೆ ಕೋಣೆಯ ಮನೆ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ, ವಯಸ್ಸು ನಲವತ್ತೆರಡು, ಮದುವೆ ಇಲ್ಲ. ಸಂಜೆ ಮನೆಗೆ ಬಂದರೆ ಮಾತಾಡುವುದು ಸೀಮೆಎಣ್ಣೆ ಸ್ಟೋವ್ ಒಂದೇ. ಪಕ್ಕದ ಮನೆಯ ಗುರುಸಿದ್ದಮ್ಮ ಉಳಿದ ಸಾರನ್ನು ಬಟ್ಟಲಿನಲ್ಲಿ ತಂದುಕೊಟ್ಟು, ಬಾಗಿಲಲ್ಲಿ ಎರಡು ನಿಮಿಷ ನಿಂತು ಮಾತಾಡಿ ಹೋಗುತ್ತಿದ್ದಳು. ಫೈಲಿಗೆ ಸಂಬಂಧವಿಲ್ಲದ ಮಾತು ಅವನ ಕಿವಿಗೆ ಬೀಳುತ್ತಿದ್ದದ್ದು ಆ ಎರಡು ನಿಮಿಷ ಮಾತ್ರ. ಪಾಪದ ಮನುಷ್ಯ, ಸಾರಿಗಿಂತ ಆ ಮಾತಿಗೇ ಕಾಯುತ್ತಿದ್ದ.

ಆದರೆ ಒಂದು ವರ್ಷದಿಂದ ಉಂಡು ಕೈತೊಳೆಯುವಷ್ಟರಲ್ಲಿ ಮುಖ ಕೆಂಪಾಗುತ್ತಿತ್ತು, ಮೈ ಕೆರೆಯುತ್ತಿತ್ತು, ಮೂಗು ಸುರಿಯುತ್ತಿತ್ತು. ಯಾರಿಗೂ ಹೇಳದೆ ಚಾಮರಾಜನಗರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದ.

"ಹಿಸ್ಟಮಿನ್ ಅಂತ ಒಂದಿರುತ್ತೆ ಕಣ್ರೀ. ನಿಮ್ಮ ಮೈ ಅದನ್ನ ತಡೆಯಲ್ಲ. ತಂಗಳಲ್ಲಿ, ಹುಳಿ ಬಂದದ್ದರಲ್ಲಿ ಅದು ಜಾಸ್ತಿ. ಅವತ್ತಿಂದು ಅವತ್ತೇ ಬೇಯಿಸಿ ಬಿಸಿಯಾಗಿ ಉಣ್ಣಿ. ಹುಳಿ ಮೊಸರು, ಉಪ್ಪಿನಕಾಯಿ, ಟೊಮೇಟೊ, ಬದನೆಕಾಯಿ ಸದ್ಯಕ್ಕೆ ಬಿಡಿ. ಹೊತ್ತಿಗೆ ಸರಿಯಾಗಿ ಮಲಗಿ. ಬಿಡಬೇಕಾದ್ದೆಲ್ಲ ಈ ಚೀಟೀಲಿ ಬರೆದಿದೀನಿ. ಏನು ತಿಂದಿರಿ, ಮೈ ಹೇಗಿತ್ತು, ಮನಸ್ಸು ಹೇಗಿತ್ತು, ದಿನಾ ಬರೆದಿಡಿ."

"ಮನಸ್ಸು ಯಾಕೆ ಸಾರ್?"

"ಚಿಂತೆ ಮಾಡಿದರೂ ಕೆರೆಯುತ್ತೆ."

ಮೂರು ವಾರ ಹೀಗೇ ನಡೆಸಿದ ಮೇಲೆ ಮೈ ತಣ್ಣಗಾಗಿತ್ತು. ನೋಟ್‌ಬುಕ್ಕಿನಲ್ಲಿ ಮನಸ್ಸಿನ ಮುಂದೆ ದಿನಾ 'ಪರವಾಗಿಲ್ಲ' ಎಂದು ಬರೆಯುತ್ತಿದ್ದ. ಗುರುಸಿದ್ದಮ್ಮನ ಬಟ್ಟಲನ್ನು ಮಾತ್ರ ಬೇಡ ಅನ್ನಲು ಬಾಯಿ ಬರದೆ, ಈಸಿಕೊಂಡು ಬೀದಿ ಹಸುವಿಗೆ ಹಾಕುತ್ತಿದ್ದ.

ಆ ಭಾನುವಾರ ಅವಳು ಅಲ್ಲೇ ನಿಂತಳು. "ನನ್ನೆದ್ರುಗೇ ಉಣ್ಣು ಮಲ್ಲಪ್ಪ. ಸಂಜೆ ಎಣ್ಣಿನ ಕಡೆಯೋರು ಬತ್ತಾವ್ರೆ, ನೋಡಿದ್ರೆ ಸೊರಗೋಗಿದ್ದೀಯೆ."

ಅದು ನಿನ್ನೆಯ ಟೊಮೇಟೊ ಸಾರು. ನಾಲ್ಕು ಗಂಟೆಗೆ ತೆರಕಣಾಂಬಿಯಿಂದ ಅವಳ ನೆಂಟರ ಹುಡುಗಿ ಶಿವರಂಜಿನಿ ಬರುವವಳಿದ್ದಳು. ಹುಡುಗಿ ಎಂದರೆ ಮೂವತ್ತೇಳು. ಗಡಿಯಾಚೆ ಕೇರಳದ ಸುಲ್ತಾನ್ ಬತ್ತೇರಿಯ ನರ್ಸರಿ ಶಾಲೆಯಲ್ಲಿ ಒಂಬತ್ತು ವರ್ಷ ಟೀಚರಾಗಿದ್ದು ಈಚೆಗೆ ಊರಿಗೆ ಬಂದವಳು. ಫೋಟೋದಲ್ಲಿ ಅವಳ ನಗು ನೋಡುತ್ತಾ ಚಿಕ್ಕಮಲ್ಲಪ್ಪ ಆ ವಾರ ಎರಡು ಸಲ ಅನ್ನ ಸೀಯಿಸಿದ್ದ. ಅವಳ ಮುಂದೆ ಕೆರೆದುಕೊಂಡು ಕೂರುವುದುಂಟೆ?

"ಬ್ಯಾಡ ಕಣಕ್ಕ. ಡಾಕ್ಟ್ರು ಕೂಡ್ದು ಅಂದವ್ರೆ. ಇಸ್ಟಮೀನ್ ಜಾಸ್ತಿ ಆಗ್ಯದೆ ಮೈಗೆ."

ನಮ್ಮ ಕಡೆಯ ನಾಲಿಗೆಗೆ ಹಕಾರ ಎಂದರೆ ಅಷ್ಟಕ್ಕಷ್ಟೆ. ಹೆಣ್ಣು ಎಣ್ಣಾಗುತ್ತದೆ, ಹೋಗು ಓಗಾಗುತ್ತದೆ, ಡಾಕ್ಟರ ಹಿಸ್ಟಮಿನ್ನಿಗೂ ಅದೇ ಗತಿ. ಗುರುಸಿದ್ದಮ್ಮನಿಗೆ ಕೇಳಿಸಿದ್ದು 'ಇಷ್ಟ, ಮೀನ್ ಜಾಸ್ತಿ ಆಗ್ಯದೆ' ಎಂದು, ಅಂದರೆ ಇಷ್ಟಪಟ್ಟು ತಿಂದ ಮೀನು ಮೈಗೆ ಜಾಸ್ತಿಯಾಗಿದೆ ಎಂದು. ಕೋಳಿಮೊಟ್ಟೆಯೂ ಒಳಗೆ ಬರದ ಲಿಂಗವಂತರ ಬೀದಿ ಅದು. ಅವಳು ಕೊರಳ ಲಿಂಗವನ್ನು ಹಿಡಿದುಕೊಂಡು ಹೊರಟಳು.

ಹತ್ತು ಗಂಟೆಗೆ ಸುದ್ದಿ ನಲ್ಲಿಯ ಹತ್ತಿರ ಇತ್ತು. "ಅದ್ಕೇ ಕಣಮ್ಮಿ, ಮೂರು ವಾರದಿಂದ ಬಾಗ್ಲಾಕ್ಕಂಡು ಎರಡೊತ್ತೂ ಬೇಯಿಸ್ತಾನೆ" ಎಂದಳೊಬ್ಬಳು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಅರ್ಧ ಜನಕ್ಕೆ ವಾಸನೆಯೇ ಬಂದಿತ್ತು. ಯಾರದೋ ಬೆಕ್ಕೊಂದು ಬಂದು ಅವನ ಹೊಸ್ತಿಲ ಮೇಲೆ ಮಲಗಿತು. ಇನ್ನು ಸಾಕ್ಷಿ ಬೇಕೆ?

ಗುರುಸಿದ್ದಮ್ಮ ಕಿಟಕಿಗೆ ಮಾರು ದೂರ ನಿಂತು ಹೇಳಿದಳು: "ಕಾಯಿನ್ ಬೂತಿಂದ ತೆರಕಣಾಂಬಿಗೆ ಫೋನ್ ಮಾಡ್ಬುಟ್ಟೆ ಕಣಪ್ಪ. ನಾಳೆ ನನ್ತಲೆ ಮ್ಯಾಲೆ ಬರಬಾರ್ದು. ಮೀನ್ ತಿಂತಾನಂತೆ ಅಂದೆ. ಆ ಎಣ್ಣು ಮಗ ಆದ್ರೂ ಬಂದೇ ಬತ್ತೀನಿ ಅಂತದೆ."

"ಅಕ್ಕ, ಅದು ಮೀನಲ್ಲ, ಕಾಯಿಲೆ."

"ಮೀನ್ ತಿಂದ್ರೆ ಕಾಯಿಲೆ ಬರ್ದೆ ಇನ್ನೇನಪ್ಪ" ಎಂದು ಅವಳು ಹೋದಳು.

ಚಿಕ್ಕಮಲ್ಲಪ್ಪನಿಗೆ ಮಾತ್ರ ಎದೆ ತುಂಬಿ ಬಂತು. ಊರೆಲ್ಲ ನಂಬಿದರೂ ಶಿವರಂಜಿನಿಯೊಬ್ಬಳು ನಂಬಲಿಲ್ಲ ಎಂದುಕೊಂಡು ಅಂಗಿಗೆ ಇಸ್ತ್ರಿ ಹಾಕಿದ.

ನಾಲ್ಕಕ್ಕೆ ಶಿವರಂಜಿನಿ ಬಂದಳು, ಜೊತೆಯಲ್ಲಿ ಸೋದರಮಾವ ಮುದ್ದಯ್ಯ, ಹಿಂದೆ ಗುರುಸಿದ್ದಮ್ಮ. ಆತ ಕೂರುವ ಮೊದಲೇ ಅಡಿಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ಮೂಸಿ ಬಂದ.

"ನೋಡಪ್ಪ, ಮೀನಿಗೂ ಮೊಸರಿಗೂ ಆಗ್ಬರಕಿಲ್ಲ. ಒಟ್ಟೇಲಿ ಮೀನಿದ್ರೆ ಮೊಸರು ಬಿದ್ದೇಟಿಗೆ ಮೈಯೇ ನಿಜ ಏಳ್ಬುಡ್ತದೆ. ತತ್ತಾ ಗುರುಸಿದ್ದಮ್ಮ ಮೊಸರ."

ಬಂದದ್ದು ಎರಡು ದಿನದ ಹುಳಿ ಮೊಸರು, ಮೇಲೊಂದು ಹೋಳು ಮಾವಿನ ಉಪ್ಪಿನಕಾಯಿ. ಚಿಕ್ಕಮಲ್ಲಪ್ಪ ಬಟ್ಟಲು ನೋಡಿದ. ತಿಂದರೆ ಮೈ ಕೆಡುತ್ತದೆ, ಬಿಟ್ಟರೆ ಮದುವೆ ಕೆಡುತ್ತದೆ. ಶಿವರಂಜಿನಿ ಅವನನ್ನೇ ನೋಡುತ್ತಿದ್ದಳು. ಕಣ್ಣು ಮುಚ್ಚಿ ಪೂರಾ ತಿಂದ.

ಹತ್ತು ನಿಮಿಷಕ್ಕೆ ಕಿವಿ ಕೆಂಪಾಯಿತು. ಆಮೇಲೆ ಕತ್ತು, ಆಮೇಲೆ ಮುಖವೆಲ್ಲ ದದ್ದು. ಕೆರೆಯಬಾರದು ಎಂದು ಕೈಗಳನ್ನು ತೊಡೆಯ ಕೆಳಗಿಟ್ಟು ಕೂತ. ಮೂಗು ಮಾತ್ರ ಸುರಿಯತೊಡಗಿತು.

"ಏಳ್ತಲ್ಲ ಮೈ" ಎಂದು ಮುದ್ದಯ್ಯ ಎದ್ದ. ಗುರುಸಿದ್ದಮ್ಮನೂ ಎದ್ದಳು.

"ನೀವು ನಡೀರಿ ಮಾವ, ಒಂದು ಮಾತು ಕೇಳಿ ಬತ್ತೀನಿ" ಎಂದು ಶಿವರಂಜಿನಿ ನಿಂತಳು. ಫೋಟೋದಲ್ಲಿದ್ದ ಅದೇ ನಗು. "ನನ್ನತ್ರ ಮುಚ್ಚಿಡಬೇಡಿ. ನಿಜವಾಗ್ಲೂ ತಿಂತೀರಾ?"

ಇಷ್ಟು ಮೆತ್ತಗೆ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಲಿಂಗ ಮುಟ್ಟಿ ಆಣೆ ಮಾಡಿದ, ಡಾಕ್ಟರ ಚೀಟಿ ತೋರಿಸಿದ, ನೋಟ್‌ಬುಕ್ ಬಿಚ್ಚಿಟ್ಟ. ಅವಳು ಚೀಟಿಯನ್ನು ಪೂರ್ತಿ ಓದಿದಳು. ಓದುತ್ತಾ ಓದುತ್ತಾ ಆ ನಗು ಹೋಯಿತು.

"ಬತ್ತೇರಿ ಹಾಸ್ಟೆಲಲ್ಲಿ ಒಂಬತ್ತು ವರ್ಷ ಮತ್ತಿ ಮೀನಿನ ಸಾರು ಉಂಡೋಳು ನಾನು. ಈಗ ಅದಿಲ್ದೆ ಅನ್ನ ಇಳಿಯಲ್ಲ. ಮನೇಲಿ ಬಾಯಿ ಬಿಡಂಗಿಲ್ಲ, ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ. ನೀವು ತಿಂತೀರಿ ಅಂತ ಫೋನ್ ಬಂದಾಗ, ನನ್ನಂಗೆ ಇನ್ನೊಬ್ಬರು ಅವರೆ ಅಂತ ಓಡಿ ಬಂದೆ. ಮಾವನ್ನ ಹೆಂಗೋ ಒಪ್ಪಿಸ್ತಿದ್ದೆ."

"ನೀವು ತಿನ್ನಿ, ನನಗೇನೂ..." ಎಂದ ಚಿಕ್ಕಮಲ್ಲಪ್ಪ. ಮುಂದಿನ ಮಾತು ಸಾಲು ಸೀನಿನಲ್ಲಿ ಹೋಯಿತು.

ಅವಳು ಚೀಟಿಯನ್ನು ಮಡಿಸಿ ಅವನ ಕೈಗಿಟ್ಟಳು. "ಇದ್ರಲ್ಲಿ ಮೊದಲನೇ ಸಾಲೇ ಮೀನು ಕೂಡದು ಅಂತ ಅದೆ. ಮೈ ನೋಡ್ಕೊಳ್ಳಿ" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಸಂಜೆ ಬಟ್ಟಲು ಬರಲಿಲ್ಲ. ಎಂಟು ಗಂಟೆವರೆಗೂ ಬಾಗಿಲು ತೆಗೆದೇ ಇಟ್ಟಿದ್ದ. ಬೆಕ್ಕು ಕೂಡ ಒಳಗೆ ಇಣುಕಿ ಹೊರಟುಹೋಯಿತು. ಅವನು ನೋಟ್‌ಬುಕ್ ತೆಗೆದು ಬರೆದ: ತಿಂದದ್ದು, ಹುಳಿ ಮೊಸರು, ಉಪ್ಪಿನಕಾಯಿ. ಮೈ, ದದ್ದು. ಮನಸ್ಸಿನ ಮುಂದೆ 'ಪರವಾಗಿಲ್ಲ' ಎಂದು ಬರೆದು, ಹೊಡೆದುಹಾಕಿ, ಅದರ ಕೆಳಗೆ ಬರೆದ: ಮೀನು ತಿಂದಿಲ್ಲ.