ದಫೇದಾರರು ತೀರಿಕೊಂಡ ಭಾನುವಾರ

ನಮ್ಮವರು ಹೋಗುವ ಹಿಂದಿನ ದಿನ ನಾವು ಜಗಳವಾಡಿದ್ದು ನೊರೆಗಾಗಿ.

ನಮ್ಮ ಹಜಾರದಲ್ಲಿ ಒಂದು ಸಮುದ್ರವಿದೆ. ಗಾಜಿನ ತೊಟ್ಟಿ, ಉಪ್ಪುನೀರು, ಕಲ್ಲು, ಹವಳ, ಮೀನು. ಕೆಳಗಿನ ಕಪಾಟಿನಲ್ಲಿ ಪಂಪು, ಹೀಟರು, ಕೊಳವೆ, ವೈರು. ಅಲ್ಲೇ ಒಂದು ನೊರೆ ಯಂತ್ರ. ಅದು ನೀರನ್ನು ಕಡೆದು ಕಡೆದು ಕೊಳೆಯನ್ನೆಲ್ಲ ನೊರೆ ಮಾಡಿ ಮೇಲಿನ ಬಟ್ಟಲಿಗೆ ತಳ್ಳುತ್ತದೆ. ದೇವತೆಗಳು ಸಮುದ್ರ ಕಡೆದಾಗ ಅಮೃತ ಬಂತಂತೆ. ನಮ್ಮವರು ಕಡೆದಾಗ ಬಂದದ್ದು ಕಂದು ಬಣ್ಣದ ಗಂಜಿ (ವಾಸನೆ ಸತ್ತ ಇಲಿಯದು). ಆ ಬಟ್ಟಲನ್ನು ಅವರು ನನ್ನ ಅಡುಗೆಮನೆಯ ಸಿಂಕಿನಲ್ಲಿ ತೊಳೆಯುತ್ತಿದ್ದರು.

"ರೀ, ಅದು ಪಾತ್ರೆ ತೊಳೆಯೋ ಜಾಗ."

"ಇದೂ ಪಾತ್ರೆನೇ."

"ಅದರಲ್ಲಿರೋದು ಮೀನಿನ ಹೊಲಸು."

"ಸಮುದ್ರದ ಹೊಲಸು ಕಣೇ. ಜನ ದುಡ್ಡು ಕೊಟ್ಟು ನೋಡೋಕೆ ಹೋಗ್ತಾರೆ."

ಆಮೇಲೆ ತೋಳಿನವರೆಗೆ ಕೈ ತೊಟ್ಟಿಗೆ ಇಳಿಸಿ ಕಲ್ಲು ಉಜ್ಜಿದರು. ನಾನು ಟವೆಲ್ ಹಿಡಿದು ನಿಂತೆ. ಎರಡು ಕಿತ್ತಳೆ ಮೀನು ಅವರ ಕೈ ಸುತ್ತ ಓಡಾಡುತ್ತಿದ್ದವು.

"ನೋಡು, ದಪ್ಪಗಿರೋಳು ಹೆಂಡ್ತಿ. ಸಣ್ಣಗಿರೋನು ಗಂಡ. ಅವಳು ಮುಂದೆ, ಅವನು ಹಿಂದೆ. ಎಲ್ಲೋ ನೋಡಿದ ಹಾಗಿದೆ ಅಲ್ವಾ?"

"ಟವೆಲ್ ಬೇಕೋ ಬೇಡ್ವೋ?"

"ಹೆಂಡ್ತಿ ಸತ್ತರೆ ಆ ಗಂಡನೇ ದಪ್ಪ ಆಗಿ ಹೆಂಡ್ತಿ ಆಗ್ತಾನಂತೆ. ಗೊತ್ತಾ?"

"ಗಂಡ ಸತ್ತರೆ?"

"ಅವಳಿಗೇನು? ಇನ್ನೊಂದು ಸಣ್ಣ ಮೀನು ಬರೋವರೆಗೆ ಕಾಯ್ತಾಳೆ."

"ಥೂ! ಬಾಯಿಗೆ ಬಂದಿದ್ದೆಲ್ಲ ಮಾತಾ?" ಎಂದು ಟವೆಲನ್ನು ಅವರ ತಲೆಯ ಮೇಲೆ ಎಸೆದೆ. ಅವರು ನಕ್ಕರು.

ಮಾರನೆಯ ದಿನ ಕೆಲಸಕ್ಕೆ ಹೋದರು. ಲಿಫ್ಟ್ ರಿಪೇರಿ ಅವರ ಕೆಲಸ. ರಿಪೇರಿ ಮುಗಿಸಿ, ಮೆಟ್ಟಿಲ ಮೇಲೆ ಸ್ವಲ್ಪ ಕೂರುತ್ತೇನೆ ಅಂದರಂತೆ. ಕೂತವರು ಏಳಲಿಲ್ಲ. ಲಿಫ್ಟ್ ಚೆನ್ನಾಗಿ ಓಡುತ್ತಿದೆಯಂತೆ.

ನಾನು ಅಳಲಿಲ್ಲ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲ್ಲು ಅಂದರು. ಅಳು ಬರಬೇಕಾದರೆ ಗಂಟಲಲ್ಲಿ ಜಾಗ ಬೇಡವೇ? ಅಲ್ಲಿ ಆಗಲೇ ಭಯ ಬಂದು ಕೂತಿತ್ತು. ಬೇರೆಯವರ ಗಂಡಂದಿರು ಹೆಂಡತಿಗೆ ಮನೆ ಬಿಟ್ಟು ಹೋಗುತ್ತಾರೆ, ಒಡವೆ ಬಿಟ್ಟು ಹೋಗುತ್ತಾರೆ. ನಮ್ಮವರು ಸಮುದ್ರ ಬಿಟ್ಟು ಹೋದರು. ಅದೂ ಕರೆಂಟಿನಲ್ಲಿ ಓಡುವ ಸಮುದ್ರ.

ಕರೆಂಟು ಮುಟ್ಟಬೇಡ ಅಂತ ಅಮ್ಮ ಹೇಳಿದ್ದಳು. ನೀರಿನ ಹತ್ತಿರ ಕರೆಂಟು ತರಬೇಡ ಅಂತ ಅಪ್ಪ ಹೇಳಿದ್ದರು. ನಮ್ಮವರು ನೀರಿಗೂ ಕರೆಂಟಿಗೂ ಮದುವೆ ಮಾಡಿಸಿ ಹಜಾರದಲ್ಲೇ ಸಂಸಾರ ಹೂಡಿಸಿದ್ದರು. ಪಂಪು ಗುಂಯ್ ಅಂದರೆ ನನಗೆ ಭಯ. ಗುಂಯ್ ಅನ್ನುವುದು ನಿಂತರೆ ಇನ್ನೂ ಭಯ. ಮೀನಿಗೆ ಊಟ ಹಾಕಲು ಹೋಗುವಾಗ ಕಾಲಿಗೆ ರಬ್ಬರ್ ಚಪ್ಪಲಿ, ಕೈಗೆ ರಬ್ಬರ್ ಗ್ಲೌಸು, ಗ್ಲೌಸಿನಲ್ಲಿ ಮರದ ಸೌಟು. (ಯುದ್ಧಕ್ಕೆ ಹೋಗುವವರೂ ಇಷ್ಟು ತಯಾರಿ ಮಾಡಿಕೊಳ್ಳುವುದಿಲ್ಲ.) ದಪ್ಪ ಹೆಂಡತಿ ಮೀನು ಸೌಟಿಗೇ ಬಾಯಿ ಹಾಕುತ್ತಿದ್ದಳು. ಟಕ್ ಅಂತ ಸದ್ದು. ಅದಕ್ಕೂ ನಾನು ಹೆಜ್ಜೆ ಹಿಂದೆ.

ಇನ್ನೊಂದಿತ್ತು. "ಆ ಹಸಿರು ಹವಳ ಮುಟ್ಟಬೇಡ, ವಿಷ" ಅಂತ ಅವರು ಒಮ್ಮೆ ಹೇಳಿದ್ದರು. ತೊಟ್ಟಿಯಲ್ಲಿ ನೋಡಿದರೆ ಹಸಿರು ಹವಳಗಳು ಗುಂಪುಗುಂಪಾಗಿ ಕೂತಿದ್ದವು. ಯಾವುದು ಅಂತ ನಾನು ಕೇಳಿರಲಿಲ್ಲ. ಹಾಗಾಗಿ ಎಲ್ಲವೂ ವಿಷ. ನೀರೂ ವಿಷ.

ಆದರೆ ದೊಡ್ಡ ಭಯ ಬೆಳಗಿನದು. ಎದ್ದು ಹಾಸಿಗೆಯ ಮೇಲೇ ಕೂತಿರುತ್ತಿದ್ದೆ. ಬಾಗಿಲು ತೆಗೆದು ಹಜಾರಕ್ಕೆ ಹೋಗಲು ಕಾಲು ಬರುತ್ತಿರಲಿಲ್ಲ. ಇವತ್ತು ಯಾವುದು ಏಳದೆ ಮಲಗಿದೆಯೋ. ಅವರ ಕೈ ಕೊನೆಗೆ ಮುಟ್ಟಿದ ಜೀವಗಳು ಅವು. ಅವರ ಕೈಯಲ್ಲಿ ಬದುಕಿದ್ದು ನನ್ನ ಕೈಯಲ್ಲಿ ಸತ್ತರೆ?

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಬಾಯಲ್ಲಿ ಹೇಳಿದ್ದೇ ಬೇರೆ.

ಮಗಳು ಕೇಳಿದಳು, "ಅಮ್ಮ, ಇದನ್ನೆಲ್ಲ ನೀನು ನೋಡ್ಕೋತೀಯಾ? ಸಾಕೋ ಮೀನು ಮಾರೋ ಅಂಗಡಿಯವರು ತಗೋತಾರಂತೆ."

ಪಕ್ಕದಲ್ಲಿ ಮೈದುನ ಕೂತಿದ್ದ. ಅವನು ವಿಮೆ ಕಚೇರಿಯವನು. ಸುಟ್ಟ ಅಂಗಡಿ, ಗುದ್ದಿದ ಕಾರು ನೋಡಿ, ಇದು ಹೀಗಾಯಿತು ಅಂತ ವರದಿ ಬರೆಯುತ್ತಾನೆ. "ಅತ್ತಿಗೆಗೆ ಆಗಲ್ಲ ಬಿಡು" ಅಂದ. ಅಷ್ಟು ಸಾಕಾಯಿತು.

"ಯಾಕಾಗಲ್ಲ? ಒಂದೇ ಒಂದು ಜೀವ ಹೋದರೂ ಅವತ್ತೇ ಈ ಪೀಡೇನ ಹೊತ್ಕೊಂಡು ಹೋಗಪ್ಪಾ. ನಾನು ಬೇಡ ಅಂದ್ರೆ ಕೇಳು" ಅಂದೆ.

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ.

ಇನ್ನು ದಫೇದಾರರ ವಿಷಯ. ಅವರು ಸೀಗಡಿ. ಬೆನ್ನಿನ ಮೇಲೆ ಕೆಂಪು ಪಟ್ಟಿ, ನಡುವೆ ಬಿಳಿ ಗೆರೆ, ಮೈಗಿಂತ ಉದ್ದದ ಬಿಳಿ ಮೀಸೆ. ಆ ಮೀಸೆ ನೋಡಿಯೇ ನಮ್ಮವರು ಇಟ್ಟ ಹೆಸರು. ದಿನವಿಡೀ ಕಲ್ಲಿನ ಮೇಲೆ ನಿಂತು ಮೀಸೆ ಆಡಿಸುವುದು, ಹತ್ತಿರ ಬಂದ ಮೀನಿನ ಮೈ ಕೆರೆದು ಚೊಕ್ಕ ಮಾಡುವುದು, ಇಷ್ಟೇ ಅವರ ನೌಕರಿ. ಮಗಳಿಗೆ ಅವರೆಂದರೆ ಪ್ರಾಣ. ಭಾನುವಾರ ಬಂದರೆ ಮೊದಲು ಮಾತಾಡಿಸುವುದು ಅವರನ್ನು, ಆಮೇಲೆ ನನ್ನನ್ನು.

ಒಂದು ಶನಿವಾರ ಬೆಳಿಗ್ಗೆ ದಫೇದಾರರು ಮರಳಿನ ಮೇಲೆ ಬಿದ್ದಿದ್ದರು. ಮೀಸೆ ಇತ್ತು, ಕಾಲು ಇತ್ತು, ಕೆಂಪು ಪಟ್ಟಿ ಇತ್ತು. ಅಲುಗಾಟ ಇರಲಿಲ್ಲ. ಸೌಟಿನಿಂದ ಮುಟ್ಟಿದೆ. ಮಗುಚಿಕೊಂಡರು.

ಸೌಟಿನಲ್ಲೇ ಎತ್ತಿದೆ. ಹಗುರವಾಗಿದ್ದರು. ಸತ್ತರೆ ಭಾರವಾಗುತ್ತಾರೆ ಅನ್ನುತ್ತಾರಲ್ಲ, ಸಮುದ್ರದವರಿಗೆ ಬೇರೆ ಲೆಕ್ಕ ಇರಬೇಕು ಅಂದುಕೊಂಡೆ. ಎಸೆಯಲು ಮನಸ್ಸು ಬರಲಿಲ್ಲ. ಇಟ್ಟರೆ ವಾಸನೆ ಬಂದೀತು. ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಮುಚ್ಚಿ, ಫ್ರಿಜ್ಜಿನಲ್ಲಿ ಹಾಲಿನ ಹಿಂದೆ ಇಟ್ಟೆ. ಮಾರನೆಯ ದಿನ ಭಾನುವಾರ.

ಮಗಳೂ ಮೈದುನನೂ ಒಟ್ಟಿಗೇ ಬಂದರು.

"ಅಮ್ಮ, ದಫೇದಾರ್ರು ಎಲ್ಲಿ?"

"ಮಲಗಿದ್ದಾರೆ."

"ಈ ಹೊತ್ತಲ್ಲಾ?"

"ವಯಸ್ಸಾಯ್ತಲ್ಲ."

"ಮೈ ಬೇರೆ ನಡುಗ್ತಿದೆ ನಿಂಗೆ. ಜ್ವರಾನಾ? ಕೂತ್ಕೋ. ಟೀ ನಾನೇ ಮಾಡ್ತೀನಿ."

ಬೇಡ ಎನ್ನುವಷ್ಟರಲ್ಲಿ ಹಾಲು ತೆಗೆಯಲು ಫ್ರಿಜ್ಜಿಗೆ ಹೋಗಿಯಾಗಿತ್ತು. ಆಮೇಲೆ ಡಬ್ಬಿ ಹಿಡಿದು ಬಂದಳು.

"ಅಮ್ಮಾ! ದಫೇದಾರ್ರನ್ನ ಬೇಯಿಸೋಕೆ ಇಟ್ಟಿದ್ದೀಯಾ?"

ನನಗೆ ಏನಾಯಿತೋ. ಗಂಟಲಿನಿಂದ ಒಂದು ಸದ್ದು ಬಂತು. ನನ್ನದು ಅಂತ ನನಗೇ ಗೊತ್ತಾಗಲಿಲ್ಲ. ನೆಲಕ್ಕೆ ಕೂತೆ. ಅತ್ತೆ. ಎದೆ ಬಡಿದುಕೊಂಡು ಅತ್ತೆ. ಮೂಗು, ಬಾಯಿ, ಸೆರಗು ಎಲ್ಲ ಒದ್ದೆ. ನಮ್ಮವರಿಗಾಗಿ ಅಳದವಳು ಬೆರಳುದ್ದದ ಸೀಗಡಿಗೆ ಬೀದಿ ಕೇಳುವ ಹಾಗೆ ಅತ್ತೆ.

ಬೀದಿ ಕೇಳಿತು. ಪಕ್ಕದ ಮನೆಯ ಟೇಲರಮ್ಮ ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿ ಬಂದಳು. ನನ್ನನ್ನು ಬಾಚಿ ತಬ್ಬಿಕೊಂಡಳು.

"ಅಳು ಅಕ್ಕಾ, ಈಗ್ಲಾದ್ರೂ ಅಳು. ಎಷ್ಟು ದಿನ ಒಳಗೆ ಇಟ್ಕೊಂಡಿದ್ದೆ."

"ದಫೇದಾರ್ರು ಹೋದ್ರು ಕಣೇ..."

ಟೇಲರಮ್ಮನ ಕೈ ನಿಂತಿತು. "ಯಾವ ದಫೇದಾರ್ರು?"

"ಎಷ್ಟು ಚೆನ್ನಾಗಿ ಮೀಸೆ ಆಡಿಸ್ತಿದ್ರು..."

ಟೇಲರಮ್ಮ ಮೆಲ್ಲಗೆ ನನ್ನನ್ನು ಬಿಟ್ಟು ಮಗಳ ಮುಖ ನೋಡಿದಳು. ಮಗಳು ಡಬ್ಬಿ ತೋರಿಸಿದಳು. ಟೇಲರಮ್ಮ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. "ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದೆ" ಅಂತ ಎದ್ದು ಹೋದಳು.

ಮೈದುನ ತನಿಖೆ ಶುರು ಮಾಡಿದ. ಕನ್ನಡಕ ಹಾಕಿಕೊಂಡು, ಕಡ್ಡಿಯಿಂದ ದಫೇದಾರರನ್ನು ಆ ಕಡೆ ಈ ಕಡೆ ಹೊರಳಿಸಿದ.

"ಅತ್ತಿಗೆ, ಗಾಯ ಇಲ್ಲ. ಸುಟ್ಟಿಲ್ಲ. ಆದ್ರೆ ಒಳಗೆ ಮಾಂಸ ಇಲ್ಲ. ಪೂರ್ತಿ ಖಾಲಿ."

"ಅಂದ್ರೆ?"

"ಯಾರೋ ಒಳಗಿಂದ ತಿಂದಿದ್ದಾರೆ. ಆ ದಪ್ಪ ಮೀನಿನ ಮೇಲೆ ನನಗೆ ಅನುಮಾನ. ಮುಖ ನೋಡಿ ಅದರದ್ದು."

ನೋಡಿದೆವು. ನಿಜಕ್ಕೂ ತಪ್ಪು ಮಾಡಿದ ಮುಖವೇ. (ಅವಳ ಮುಖ ಹುಟ್ಟಿನಿಂದ ಹಾಗೇ.)

ಮೈದುನ ಡಬ್ಬಿ ಮುಚ್ಚಿದ. ದನಿ ಮೆತ್ತಗಾಯಿತು. "ನೀವೇ ಹೇಳಿದ್ದಲ್ವಾ ಅತ್ತಿಗೆ, ಒಂದು ಜೀವ ಹೋದ್ರೆ ಅವತ್ತೇ ಅಂತ. ನಿಮಗೂ ಹೆದರಿಕೆ. ನೋಡಿ, ಹೇಗಾಗಿದ್ದೀರಿ. ಅಂಗಡಿಗೆ ಫೋನ್ ಮಾಡ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇಡ ಅನ್ನಬೇಕೆನಿಸಿತು, ಸೆರಗಿನಿಂದ ಮೂಗು ಒರೆಸಿಕೊಂಡೆ. ಅಂಗಡಿಯವರು ಸಂಜೆ ಬಂದು ಒಯ್ಯುತ್ತೇವೆ, ಅಷ್ಟರಲ್ಲಿ ನೀರು ಇಳಿಸಿ, ಕಲ್ಲು ತೆಗೆದಿಡಿ ಅಂದರಂತೆ.

ಮೈದುನ ಒಂದು ಪೈಪು ತೊಟ್ಟಿಗಿಳಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿ ಹಿಡಿದು ಎಳೆದ. ಸಮುದ್ರ ಬಾಯಿಗೇ ಬಂತು. ಬಚ್ಚಲಿಗೆ ಓಡಿದ. ಪೈಪು ತಾನೇ ಕುಣಿಯುತ್ತ ಹಜಾರಕ್ಕೆಲ್ಲ ಉಪ್ಪುನೀರು ಹಾಕಿತು. ಮಗಳು ಅದನ್ನು ಹಿಡಿದು ಬಕೆಟ್ಟಿಗೆ ಬಿಟ್ಟಳು. ಬಕೆಟ್ಟು ತುಂಬಿದಂತೆ ಮೈದುನ ಹೊತ್ತು ಬಚ್ಚಲಿಗೆ ಚೆಲ್ಲಿದ. ತೊಟ್ಟಿಯ ನೀರು ಇಳಿಯುತ್ತ ಬಂತು. ಹವಳಗಳು ಒಂದೊಂದಾಗಿ ಮುದುಡಿದವು. ಮೀನಿನ ದಂಪತಿ ಮೂಲೆಗೆ ಹೋಗಿ ಅಂಟಿಕೊಂಡರು. ಪಂಪು ಒಮ್ಮೆ ಕೆಮ್ಮಿ ನಿಂತಿತು.

ಗುಂಯ್ ಇಲ್ಲ.

ಮೆಟ್ಟಿಲ ಮೇಲೆ ಕೂತವರು ಹೀಗೇ ಸುಮ್ಮನಾಗಿರಬೇಕು ಅನ್ನಿಸಿತು.

ಮೈದುನ ತೋಳು ಮಡಚಿ ದೊಡ್ಡ ಕಲ್ಲಿಗೆ ಕೈ ಹಾಕಲು ಬಂದ.

"ಮುಟ್ಟಬೇಡ" ಅಂದೆ.

"ಏನು ಅತ್ತಿಗೆ?"

"ಆ ಕಲ್ಲು ಅವರು ಇಟ್ಟಿದ್ದು. ಮುಟ್ಟಬೇಡ ಅಂದ್ರೆ ಮುಟ್ಟಬೇಡ."

"ಅಯ್ಯೋ, ಈಗ ಹೀಗಂದ್ರೆ..."

ಅವನ ಕೈ ನೀರಿಗೆ ಹೋಗುವ ಮೊದಲು ನನ್ನ ಕೈ ಹೋಗಿತ್ತು. ಗ್ಲೌಸಿಲ್ಲ, ಸೌಟಿಲ್ಲ. ಕಾಲಲ್ಲಿ ಚಪ್ಪಲಿಯೂ ಇಲ್ಲ, ಕೆಳಗೆಲ್ಲ ನೀರು. ತೋಳಿನವರೆಗೆ ಇಳಿಸಿ ಕಲ್ಲನ್ನು ಒತ್ತಿ ಹಿಡಿದೆ. ವಿಷವಾದರೆ ಆಗಲಿ, ಕರೆಂಟಾದರೆ ಆಗಲಿ. ಕಣ್ಣು ಮುಚ್ಚಿದೆ.

ಕಲ್ಲಿನ ಹಿಂದಿನಿಂದ ಏನೋ ಬಂತು. ಸಣ್ಣ ಸಣ್ಣ ಕಾಲು. ನನ್ನ ಬೆರಳು ಹತ್ತಿತು. ಪರಪರ ಅಂತ ಉಗುರಿನ ಸಂದು ಕೆರೆಯಿತು.

ಮುಗಿಯಿತು ನನ್ನ ಕಥೆ ಅಂದುಕೊಂಡೆ. ಕಿರುಚಿದೆ. ಕಲ್ಲನ್ನು ಮಾತ್ರ ಬಿಡಲಿಲ್ಲ.

"ಅಮ್ಮಾ," ಅಂದಳು ಮಗಳು. "ಅಮ್ಮಾ, ಕಣ್ಣು ಬಿಡು."

ನನ್ನ ಹೆಬ್ಬೆರಳಿನ ಮೇಲೆ ದಫೇದಾರರು ನಿಂತಿದ್ದರು. ಹೊಳೆಹೊಳೆಯುವ ಕೆಂಪು. ಮೀಸೆ ಮೊದಲಿಗಿಂತ ಉದ್ದ. ನನ್ನ ಉಗುರು ಚೊಕ್ಕ ಮಾಡುತ್ತಿದ್ದರು.

ಮೈದುನ ಡಬ್ಬಿ ತೆರೆದು ನೋಡಿದ. ಅಲ್ಲೂ ದಫೇದಾರರು. ನೀರಲ್ಲೂ ದಫೇದಾರರು.

"ಹಾಗಾದ್ರೆ ಫ್ರಿಜ್ಜಲ್ಲಿದ್ದೋರು ಯಾರು?" ಅಂದ.

ಮಗಳು ಫೋನಿನಲ್ಲಿ ಹುಡುಕಿ ಓದಿದಳು. ಸೀಗಡಿ ಬೆಳೆದ ಹಾಗೆಲ್ಲ ಚಿಪ್ಪು ಬಿಗಿಯಾಗುತ್ತದಂತೆ. ಆಗ ಕಾಲು ಮೀಸೆಯ ಸಮೇತ ಅದನ್ನು ಕಳಚಿ ಹಾಕುತ್ತದಂತೆ. ಹೊಸ ಮೈ ಮೆತ್ತಗಿರುವುದರಿಂದ, ಗಟ್ಟಿಯಾಗುವವರೆಗೆ ಹೆದರಿ ಕಲ್ಲಿನ ಹಿಂದೆ ಅಡಗಿ ಕೂರುತ್ತದಂತೆ.

"ಅಂದ್ರೆ ಅತ್ತಿಗೆ," ಮೈದುನ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡ, "ನೀವು ಇಷ್ಟು ಅತ್ತಿದ್ದು ಒಂದು ಹಳೇ ಅಂಗಿಗೆ."

"ನೀನು ಆ ಅಂಗಿಗೆ ಕನ್ನಡಕ ಹಾಕ್ಕೊಂಡು ವರದಿ ಕೊಟ್ಟೆಯಲ್ಲ, ಅದಕ್ಕಿಂತ ವಾಸಿ" ಅಂದೆ.

"ಇರಲಿ, ಒಂದು ಜೀವಾನೂ ಹೋಗಿಲ್ಲ. ನಿಮ್ಮ ಮಾತಿನ ಪ್ರಕಾರ ಈ ಪೀಡೆ ನಿಮ್ಮದೇ. ಹೊತ್ಕೊಳ್ಳಿ" ಅಂದು, ಬರಬೇಡಿ ಅಂತ ಅಂಗಡಿಗೆ ಫೋನ್ ಮಾಡಿದ.

ಹೊತ್ತುಕೊಂಡೆ. ಅವನು ಚೆಲ್ಲಿದ ಅರ್ಧ ಸಮುದ್ರವನ್ನು ಮತ್ತೆ ಮಾಡಬೇಕಿತ್ತಲ್ಲ. ಬಕೆಟ್ಟಿಗೆ ಫಿಲ್ಟರ್ ನೀರು, ನೀರಿಗೆ ಸಮುದ್ರದ ಉಪ್ಪಿನ ಪುಡಿ, ಪುಡಿ ಕರಗುವವರೆಗೆ ಕಲಕುವುದು, ಬಿಸಿ ಹದಕ್ಕೆ ತರುವುದು, ಹೊರುವುದು, ಸುರಿಯುವುದು. ಮಗಳು ಅಳತೆ ನೋಡಿದಳು. ಬೆನ್ನು ಮುರಿದದ್ದು ನನ್ನದು. ಪಂಪು ಮತ್ತೆ ಗುಂಯ್ ಅಂದಾಗ ಹೊರಗೆ ಕತ್ತಲಾಗಿತ್ತು.

ಈಗ ಬೀದಿಯಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ಟೇಲರಮ್ಮ ಬ್ಲೌಸಿನ ಅಳತೆ ತೆಗೆಯುತ್ತ ಕೇಳುತ್ತಾಳೆ, "ದಫೇದಾರ್ರು ಆರಾಮಾ ಅಕ್ಕಾ?" ಹಾಲಿನವನೂ ಕೇಳುತ್ತಾನೆ. ನಮ್ಮವರು ಹೋದಾಗ ಕಲ್ಲು ಅಂದವರು ಈಗ ಹುಚ್ಚಿ ಅನ್ನುತ್ತಾರೆ. ಅನ್ನಲಿ.

ಭಯ ಹೋಗಿಲ್ಲ. ಬೆಳಿಗ್ಗೆ ಈಗಲೂ ಹಾಸಿಗೆಯ ಮೇಲೆ ಸ್ವಲ್ಪ ಹೊತ್ತು ಕೂರುತ್ತೇನೆ. ಆಮೇಲೆ ಏಳಲೇಬೇಕು. ಯಾಕೆಂದರೆ ರಾತ್ರಿಯೆಲ್ಲ ತೊಟ್ಟಿಯ ನೀರು ಆರಿ ಒಂದು ಬೆರಳು ಇಳಿದಿರುತ್ತದೆ. ನೀರು ಮಾತ್ರ ಆರುವುದಂತೆ, ಉಪ್ಪು ಆರುವುದಿಲ್ಲವಂತೆ. ಹಾಗೇ ಬಿಟ್ಟರೆ ಉಪ್ಪು ಹೆಚ್ಚಾಗಿ ಒಳಗಿದ್ದವರಿಗೆ ಉಸಿರು ಕಟ್ಟುತ್ತದಂತೆ. ಅದಕ್ಕೇ ಒಂದು ಚೊಂಬು ಸಿಹಿನೀರು ತರುತ್ತೇನೆ. ಸ್ಟೂಲು ಹತ್ತುತ್ತೇನೆ. ಗಾಜಿನ ಮೇಲೆ ನೀರಿನ ಅಳತೆಗೆ ಎಳೆದ ಗೆರೆ ಮುಟ್ಟುವವರೆಗೆ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತೇನೆ.