ಎರಡು ಡಿಗ್ರಿ

ಆ ಭಾನುವಾರ ಕಾರು ತೊಳೆಯದೆ ಸುಮ್ಮನಿದ್ದಿದ್ದರೆ ಸಂಕರ್ಷಣನಿಗೆ ಯಾವ ಫಜೀತಿಯೂ ಇರಲಿಲ್ಲ. ಡೊಂಬಿವಲಿಯ ಅಚಲಧಾಮ್ ಸೊಸೈಟಿಯ ಕೆಳಗಿನ ಪಾರ್ಕಿಂಗಿನಲ್ಲಿ ಅವನು ತನ್ನ ಹದಿನಾಲ್ಕು ವರ್ಷದ ಕಾರಿನ ನೆತ್ತಿಗೆ ಬಕೆಟ್ ನೀರು ಸುರಿದ. ನೀರೆಲ್ಲ ಹಿಂದಿನ ಎಡಮೂಲೆಗೆ ಹರಿದು, ನೆಲಕ್ಕೆ ಬಿದ್ದು, ಅದೇ ದಿಕ್ಕಿಗೆ ಓಡಿ, ಕಂಬದ ಬುಡದಲ್ಲಿ ಕೊಳವಾಗಿ ನಿಂತಿತು.

ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ನವಿ ಮುಂಬಯಿಯ ಒಂದು ಪ್ರಯೋಗಾಲಯದಲ್ಲಿ ಅಳತೆಯ ಕೆಲಸ ಮಾಡುವ ಮನುಷ್ಯ. ಸುಮ್ಮನಿರಲು ಸಾಧ್ಯವೆ? ಫೋನಿನಲ್ಲಿ ಮಟ್ಟ ನೋಡುವ ಆ್ಯಪ್ ತೆರೆದು ಕಾರಿನ ನೆತ್ತಿಯ ಮೇಲಿಟ್ಟ. ಎರಡು ಡಿಗ್ರಿ, ಎಡಕ್ಕೆ.

ಸಂಜೆ ಆರಕ್ಕೆ ಘೋಡಬಂದರ್ ರಸ್ತೆಯಿಂದ ಸುಪ್ರೀತ್ ಎಂಬ ಹುಡುಗ ಕಾರು ನೋಡಲು ಬರುವವನಿದ್ದ. ಈ ಕಾರನ್ನು ಕೇಳಿದವರಲ್ಲಿ ಅವನೇ ಮೊದಲನೆಯವನು; ಬಹುಶಃ ಕೊನೆಯವನೂ.

ಕಾಫಿ ಹಿಡಿದು ಕೆಳಗಿಳಿದ ಹೆಂಡತಿ ರುಕ್ಮಿಣಿಗೆ ವಿಷಯ ಹೇಳಿದ. "ಹಿಂದಿನ ಸಸ್ಪೆನ್ಷನ್ ಹೋಗಿರೋ ಹಾಗಿದೆ ಕಣೇ."

"ಸುಪ್ರೀತ್ ಹತ್ರ ಬಾಯಿಬಿಡ್ಬೇಡಿ ಮತ್ತೆ."

"ದೋಷ ಮುಚ್ಚಿಟ್ಟು ಮಾರೋದು ನನ್ನ ಕೈಲಾಗಲ್ಲ. ಸಂಜೆಯೊಳಗೆ ರಿಪೇರಿ ಮಾಡಿಸ್ತೀನಿ."

"ಸಸ್ಪೆನ್ಷನೇ ಮಾರಾಯ್ರೆ, ಎಂತ ಸಂಶಯವೂ ಬೇಡ," ಎಂಬ ದನಿ ಮೆಟ್ಟಿಲಿನಿಂದ ಬಂತು. ಸೊಸೈಟಿಯ ಸೆಕ್ರೆಟರಿ, ಉಡುಪಿ ಕಡೆಯ ಹೋಟೆಲಿನ ಬೂಬಣ್ಣ. ಕಾರು ಕಣ್ಣಿಗೆ ಬೀಳುವ ಮೊದಲೇ ರೋಗ ಹೇಳಿದ ವೈದ್ಯ ಅವರೊಬ್ಬರೇ ಇರಬೇಕು. ಬಂದವರೇ ಡಿಕ್ಕಿಯ ಮೇಲೆ ಎರಡೂ ಕೈಯೂರಿ ಇಡೀ ಮೈಭಾರ ಹಾಕಿ ಬಿಟ್ಟರು. ಕಾರು ಒಂದು ಸಲ ಕುಗ್ಗಿ, ಎದ್ದು, ನಿಂತಿತು.

"ಒಂದೇ ಸಲಕ್ಕೆ ನಿಂತಿತಲ್ಲ," ಎಂದ ಸಂಕರ್ಷಣ. "ಶಾಕಬ್ಸರ್ ಚೆನ್ನಾಗಿದ್ರೆ ಹಾಗೇ ಆಗೋದು."

"ಅದು ಸತ್ತ ಲಕ್ಷಣ. ಜೀವ ಇದ್ದಿದ್ದರೆ ಇನ್ನೂ ನಾಲ್ಕು ಸಲ ಕುಣಿಯುತ್ತಿತ್ತು."

ಅಷ್ಟರಲ್ಲಿ ಎದುರುಮನೆಯ ಸಂಗಮೇಶ ಹಲ್ಲುಜ್ಜುತ್ತಲೇ ಇಳಿದು ಬಂದ. ವಿಜಯಪುರದವನು, ಯಾರ ಮನೆಯ ಕೆಲಸಕ್ಕೂ ಮುಂದು. "ಸ್ಪ್ರಿಂಗ್ ಕೂತೈತ್ರಿ ಸರ. ಶಹಾಡದಾಗ ಮನೀಶ್ ಅಂತ ಮೇಸ್ತ್ರಿ ಅದಾನ, ನಡೀರಿ. ನಾ ಡಿಕ್ಕಿಯೊಳಗ ಕೂತು ಸಪ್ಪಳ ಎಲ್ಲಿಂದ ಬರತೈತಿ ಹೇಳ್ತೀನಿ."

ಬೇಡವೆನ್ನುವಷ್ಟರಲ್ಲಿ ಒಳಗೆ ಮಡಚಿ ಕೂತಿದ್ದ.

ಕಲ್ಯಾಣದ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ಕಾಗದಪತ್ರ ಕೇಳುತ್ತ ನಿಂತಿದ್ದಾಗ ಡಿಕ್ಕಿಯೊಳಗಿನಿಂದ ದನಿ ಬಂತು: "ಇನ್ನೂ ಏನೂ ಕೇಳವಲ್ದ್ರಿ ಸರ."

ಪೊಲೀಸಿನವನ ಬಾಯಿಯಿಂದ ಸೀಟಿ ಬಿತ್ತು. "ಆತ್ ಕೋಣ್ ಆಹೆ?"

ಒಳಗಿರುವುದು ನೆರೆಮನೆಯವನು, ಸ್ವಇಚ್ಛೆಯಿಂದ ಇದ್ದಾನೆ, ಕಾರಿನ ಸಪ್ಪಳ ಕೇಳುತ್ತಿದ್ದಾನೆ. ಸತ್ಯವೇ ಆದ ಈ ಮೂರು ಸಂಗತಿಗಳನ್ನು ಹರುಕು ಮರಾಠಿಯಲ್ಲಿ ನಂಬಿಸಲು ಎರಡು ಗಂಟೆ ಹಿಡಿಯಿತು. ಹೊರಬಂದ ಸಂಗಮೇಶ ಹಬೆಯಲ್ಲಿ ಬೆಂದ ಕಡುಬಿನಂತಿದ್ದ.

ಶಹಾಡ್ ತಲುಪಿ, ಮುಂದಿದ್ದ ಗಾಡಿಗಳೆಲ್ಲ ಮುಗಿದು ಸರದಿ ಬರುವಾಗ ಮೂರು ದಾಟಿತ್ತು. ಮನೀಶ್ ಕಾರನ್ನು ಮೇಲೆತ್ತಿ ಸ್ಪ್ರಿಂಗುಗಳನ್ನು ಒರೆಸಿ ನೋಡಿದ, ರಬ್ಬರ್ ಬುಷ್‌ಗಳನ್ನು ರಾಡಿನಿಂದ ಮೀಟಿದ, ಕೆಳಗಿಳಿಸಿ ಎರಡೂ ಕಡೆ ಅಳತೆಯ ಟೇಪು ಹಿಡಿದ. "ಗಾಡಿ ಏಕ್‌ದಮ್ ಸೀದಿ ಹೈ, ಸಾಬ್."

ಸಂಕರ್ಷಣ ಫೋನನ್ನು ಕಾರಿನ ನೆತ್ತಿಯ ಮೇಲಿಟ್ಟ. ಸೊನ್ನೆ. ತಿರುಗಿಸಿಟ್ಟ. ಸೊನ್ನೆ.

"ಡೊಂಬಿವಲಿ ಮೇ ಕಿಧರ್ ರೆಹತೇ ಹೋ?" ಎಂದು ಕೇಳಿದ ಮನೀಶ್.

"ಅಚಲಧಾಮ್."

ಮನೀಶ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರನ್ನು ನೋಡುವಂತೆ ಅವನನ್ನು ನೋಡಿದ. ಈ ವರ್ಷ ಆ ಕಟ್ಟಡದಿಂದ ಬಂದ ಐದನೇ ಕಾರಂತೆ ಇದು. ಯಾಕೆಂದು ಕೇಳುವಷ್ಟರಲ್ಲಿ ಸಂಗಮೇಶ ತೋಳು ಹಿಡಿದೆಳೆದ. "ಹೊತ್ತಾತ್ರಿ ಸರ, ನಡೀರಿ, ನಡೀರಿ."

ಆರಕ್ಕೆ ಹತ್ತು ನಿಮಿಷವಿರುವಾಗ ಕಾರು ತನ್ನ ಜಾಗದಲ್ಲಿ ನಿಂತಿತು. ಸಂಕರ್ಷಣ ಮತ್ತೆ ಫೋನಿಟ್ಟ. ಎರಡು ಡಿಗ್ರಿ, ಎಡಕ್ಕೆ.

ಆಗ ಅವನಿಗೆ ಪ್ರಯೋಗಾಲಯದ ಮೊದಲ ಪಾಠ ನೆನಪಾಯಿತು: ವಸ್ತುವನ್ನು ಅಳೆಯುವ ಮೊದಲು ಅದನ್ನಿಟ್ಟ ಮೇಜನ್ನು ಅಳೆ. ಬಗ್ಗಿ ಫೋನನ್ನು ನೆಲದ ಮೇಲಿಟ್ಟ.

ಎರಡು ಡಿಗ್ರಿ, ಎಡಕ್ಕೆ.

ಬೆಳಗಿನ ನೀರು ಕಂಬದ ಬುಡದಲ್ಲಿ ಇನ್ನೂ ಆರಿರಲಿಲ್ಲ. ಆ ಕಂಬದ ಮೇಲೆ ಏಳು ಮಹಡಿ; ನಾಲ್ಕನೆಯದರಲ್ಲಿ, ಎಂಟು ತಿಂಗಳ ಹಿಂದೆ ಇದ್ದಬದ್ದದ್ದೆಲ್ಲ ಸುರಿದು ಕೊಂಡ ಅವನ ಮನೆ. ಮೆಟ್ಟಿಲ ಬಳಿ ರುಕ್ಮಿಣಿಯೊಡನೆ ಕಾದು ನಿಂತಿದ್ದ ಸೆಕ್ರೆಟರಿಯತ್ತ ಅವನು ತಿರುಗಿದ. "ಬೂಬಣ್ಣ, ಬಿಲ್ಡಿಂಗೇ..."

"ಮೆಲ್ಲ ಮಾತಾಡಿ ಮಾರಾಯ್ರೆ," ಎಂದು ಬೂಬಣ್ಣ ಹತ್ತಿರ ಬಂದರು. "ನಾನು ಎರಡು ಸಲ ಸ್ಪ್ರಿಂಗ್ ಬದಲಾಯಿಸಿದ ಮೇಲೆ ಗೊತ್ತಾದದ್ದು."

"ಮತ್ತೆ ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

"ನೀವು ಸೈನ್ಸ್ ಕಲಿತವರು. ಕಾರಿನಲ್ಲೇ ಎಂತಾದರೂ ಹುಡುಕಿ ತೆಗೆದರೆ ನಮಗೂ ಒಂದು ಸಮಾಧಾನ ಅಂತ."

"ಕಾರು ಹೋದ್ರ ಮತ್ತೊಂದು ಬರತೈತ್ರಿ," ಎಂದ ಸಂಗಮೇಶ ಮೆಲ್ಲಗೆ. "ಮನಿ ಸುದ್ದಿ ಹೊರಗ ಹೋತಂದ್ರ ಯಾರು ಕೇಳ್ತಾರ?"

ಅಷ್ಟರಲ್ಲಿ ಗೇಟಿನಲ್ಲಿ ಸುಪ್ರೀತ್ ಕಾಣಿಸಿಕೊಂಡ. ಬಂದವನು ಕಾರಿನ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. "ಸರ್, ಎಡಕ್ಕೆ ವಾಲಿದ್ಯಲ್ಲ ಇದು?"

ಕಾರು ನೆಟ್ಟಗಿದೆ ಎನ್ನಬೇಕಾದರೆ ನೆಲ ನೆಟ್ಟಗಿಲ್ಲ ಎನ್ನಬೇಕು. ಸಂಕರ್ಷಣ ರುಕ್ಮಿಣಿಯತ್ತ ನೋಡಿದ. ಅವಳು ನೆಲದ ಮೇಲಿದ್ದ ಫೋನನ್ನೇ ನೋಡುತ್ತಿದ್ದಳು.

"ಸಸ್ಪೆನ್ಷನ್," ಎಂದರು ಬೂಬಣ್ಣ ಮತ್ತು ಸಂಗಮೇಶ ಒಂದೇ ಉಸಿರಿನಲ್ಲಿ.

"ಹೌದಾ ಸರ್?"

ಸಂಕರ್ಷಣ ದಂಗಾಗಿ ಗಮನಿಸಿದ: ತನ್ನ ತಲೆ ತಾನಾಗಿಯೇ ಕೆಳಗೆ ಹೋಗಿ, ಮೇಲೆ ಬಂದು, ನಿಂತಿತು. ಒಂದೇ ಸಲ, ಒಳ್ಳೆಯ ಶಾಕಬ್ಸರಿನ ಹಾಗೆ.

"ಹಾಗಾದ್ರೆ ಕಾರು ಬೇಡ ಬಿಡಿ ಸರ್." ಸುಪ್ರೀತ್ ಹೊರಟವನು ತಿರುಗಿ ನಿಂತ. ಅವನ ಮುಖದಲ್ಲಿ ಗೌರವವಿತ್ತು. "ಒಂದ್ ಮಾತು ಕೇಳ್ಲಾ? ನಾನೊಂದು ಫ್ಲ್ಯಾಟ್ ಹುಡುಕ್ತಿದೀನಿ. ಮಾರೋ ಕಾರಿನ ದೋಷ ಬಾಯಿಬಿಟ್ಟು ಒಪ್ಪಿಕೊಳ್ಳೋ ಜನಾನ ನಾನು ಎಲ್ಲೂ ನೋಡಿಲ್ಲ. ಇಂಥವರ ಮಧ್ಯೆ ಆದ್ರೆ ಕಣ್ಮುಚ್ಚಿ ತಗೋಬಹುದು. ಈ ಬಿಲ್ಡಿಂಗ್ ಹೇಗಿದೆ ಸರ್?"

ಎಲ್ಲರೂ ಸಂಕರ್ಷಣನನ್ನೇ ನೋಡಿದರು. ಅವನು ಒರಗಿಕೊಳ್ಳಲೆಂದು ಕಂಬದತ್ತ ಕೈ ಚಾಚಿ, ಒಂದು ಕ್ಷಣ ಯೋಚಿಸಿ, ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.